ಒಟೊಕರ್ ಬರೆದ ಹೊಡೆತ

ಮಾರ್ಚ್ ತಿಂಗಳ ಒಂದು ಮಂಗಳವಾರ, ಬೆಳಗಿನ ಪೂಜೆ ಮುಗಿಸಿ ಚರ್ಚಿನ ಮೆಟ್ಟಿಲು ಇಳಿಯುತ್ತಿದ್ದೆ. ಅಣ್ಣನ ಮಗಳು ಅಗ್ನೆಸ್ ಕೆಳಗೆ ನಿಂತಿದ್ದಳು. ಅಷ್ಟು ಚಳಿಯಲ್ಲೂ ಕೋಟಿನ ಗುಂಡಿ ಹಾಕಿರಲಿಲ್ಲ.

"ಚಿಕ್ಕಪ್ಪಾ, ಅಪ್ಪ ಹೋಗ್ಬಿಟ್ರು," ಎಂದಳು.

ನಾನು ತಿರುಗಿ ಒಳಗೆ ಹೋಗಿ ಮತ್ತೆ ಮೊಣಕಾಲೂರಿದೆ. ಬೇರೇನೂ ತೋಚಲಿಲ್ಲ.

ಮಧ್ಯಾಹ್ನದ ರೇಡಿಯೋದಲ್ಲಿ ಮೆಕ್ಕೆಜೋಳದ ಧಾರಣೆಗಿಂತ ಮೊದಲು ಅಣ್ಣ ಒಟೊಕರನ ಸುದ್ದಿ ಹೇಳಿದರು. ಅಯೋವಾದ ನಮ್ಮ ಊರಿನಲ್ಲಿ ಆ ಮರ್ಯಾದೆ ಇನ್ನಾರಿಗೂ ಸಿಕ್ಕಿದ್ದನ್ನು ನಾನು ಕೇಳಿಲ್ಲ.

ಮೂವತ್ತೆಂಟು ವರ್ಷ ಅವನು ನಮ್ಮೂರ ಬೇಸ್‌ಬಾಲ್ ತಂಡದ ಆಟವನ್ನು ಪತ್ರಿಕೆಗೆ ಬರೆದ, ರೇಡಿಯೋದಲ್ಲಿ ಹೇಳಿದ. ಊರು ಸಣ್ಣದು, ಆಟದ ಅಧಿಕೃತ ದಾಖಲೆ ಬರೆಯುವವನೂ ಅವನೇ. ದಾಂಡಿಗ ಔಟಾಗದೆ ಓಡಿ ಬೇಸ್ ತಲುಪಿದರೆ ಅದು ಅವನ ಹೊಡೆತವೋ, ಚೆಂಡು ಬಿಟ್ಟವನ ತಪ್ಪೋ ಎಂಬುದು ಅಣ್ಣನ ತೀರ್ಮಾನ. ಬರೆದದ್ದನ್ನು ಬದಲಿಸಲು ಒಂದು ದಿನದ ಅವಕಾಶವಿತ್ತು.

೧೯೫೨ರಲ್ಲಿ ನಾನು ಆ ತಂಡಕ್ಕೆ ಚೆಂಡೆಸೆಯುತ್ತಿದ್ದೆ. ಆಗಸ್ಟಿನ ಒಂದು ಭಾನುವಾರ ಎಂಟು ಸುತ್ತು ಮುಗಿದರೂ ಎದುರಾಳಿಗಳಿಗೆ ನನ್ನಿಂದ ಒಂದು ಹೊಡೆತವೂ ಸಿಕ್ಕಿರಲಿಲ್ಲ. ಆಟ ಹಾಗೆ ಸಾಗುವಾಗ ಆ ಮಾತೆತ್ತಬಾರದು, ಎತ್ತಿದರೆ ಅಪಶಕುನ ಎಂದು ಆಟಗಾರರ ನಂಬಿಕೆ. ಬೆಂಚಿನಲ್ಲಿ ಯಾರೂ ನನ್ನ ಪಕ್ಕ ಕೂರಲಿಲ್ಲ. ಆಟಗಾರರನ್ನು ಹುಡುಕಿಕೊಂಡು ಷಿಕಾಗೋದಿಂದ ಬಂದವನೊಬ್ಬ ಟೋಪಿ ತೆಗೆದು ನೋಡುತ್ತಿದ್ದ.

ಒಂಬತ್ತನೆಯ, ಕೊನೆಯ ಸುತ್ತಿನಲ್ಲಿ ಇಬ್ಬರು ಔಟಾದರು; ಇನ್ನೊಬ್ಬ ಔಟಾದರೆ ಆಟ ಮುಗಿಯುತ್ತಿತ್ತು. ಮೂರನೆಯವನು ಹೊಡೆದ ಚೆಂಡು ನೆಲ ಸವರಿಕೊಂಡು ಹೋಗಿ ನಮ್ಮ ವಿನ್ಸ್ ಟೊಮಾಸೆಕನ ಗ್ಲೌಸಿಗೆ ತಗುಲಿ ಆಚೆ ಚಿಮ್ಮಿತು. "ತಪ್ಪು! ತಪ್ಪು!" ಎಂದು ಜನ ಕೂಗಿದರು. ಅದು ತಪ್ಪೆಂದಾದರೆ ನನ್ನ ಆಟ ಕೆಡುವುದಿಲ್ಲ. ಅಂಕದ ಹಲಗೆಯ ಮೇಲೆ ಹೊಡೆತ ಎಂದು ಬಂತು. ಮುಂದಿನವನನ್ನು ಔಟ್ ಮಾಡಿ ಗೆದ್ದೆವು. ಆದರೂ ಜನ ಅಣ್ಣ ಕೂತ ಕಿಟಕಿಯತ್ತ ಕಡಲೆಕಾಯಿ ಸಿಪ್ಪೆ ತೂರಿದರು.

ಅಂದು ಅಮ್ಮ ಬಾತುಕೋಳಿ, ಹುಳಿ ಎಲೆಕೋಸು ಮಾಡಿದ್ದಳು.

"ನಿಂಗ್ಯಾಕೋ ತಟ್ಟೆ?" ಎಂದು ಅಣ್ಣನಿಗೆ ಗದರಿದಳು. "ಆ ಮೈಕೇ ಬಡಿಸುತ್ತೆ, ಹೋಗು."

"ಬಡಿಸಮ್ಮಾ, ಹಸಿವಾಗಿದೆ. ಮೂರು ಸಾವಿರ ಜನರ ಕೈಲಿ ಬೈಸ್ಕೊಂಡು ಬಂದಿದೀನಿ."

"ಅಣ್ಣ, ನಾಳೆವರೆಗೂ ಟೈಮಿದೆ. ಬದಲಾಯ್ಸು," ಎಂದೆ. "ಆ ಷಿಕಾಗೋದವನು ಕಾಯ್ತಿದಾನೆ. ನನ್ ಜೀವನಾನೇ ಇದು."

"ತಪ್ಪು ಯಾರ ಹೆಸರಿಗೆ ಹೋಗುತ್ತೆ?"

"ವಿನ್ಸ್ ಹೆಸರಿಗೆ. ಅವನೇ ಬರ್ಕೊಳ್ಳಿ ಅಂದ."

"ಅವನು ದೊಡ್ಡ ಮನುಷ್ಯ, ಅಂತಾನೆ. ನೀನು ಹೇಳು ಲಾದಿಸ್, ನನಗಿಂತ ಹತ್ರ ಇದ್ದೋನು ನೀನು. ಚೆಂಡು ಕಲ್ಲಿಗೆ ತಾಗಿ ಎದ್ದಿತಾ, ಇಲ್ವಾ? ಇಲ್ಲ ಅಂದ್ರೆ ಈಗ್ಲೇ ಎದ್ದುಹೋಗಿ ಬದಲಾಯಿಸ್ತೀನಿ."

ಅಮ್ಮನ ಸೌಟು ನಿಂತಿತು. "ಹೇಳೋ. ಬಾಯಲ್ಲೇನು ಎಲೆಕೋಸು ತುಂಬ್ಕೊಂಡಿದೀಯಾ?"

ಚೆಂಡು ಪುಟಿದದ್ದನ್ನು ಕಣ್ಣಾರೆ ಕಂಡಿದ್ದೆ. ಅದನ್ನು ಹಿಡಿಯುವುದು ಯಾರಿಂದಲೂ ಆಗುತ್ತಿರಲಿಲ್ಲ. ಒಂದು ಸುಳ್ಳಾಡಿದ್ದರೆ ಅಣ್ಣ ನಂಬುತ್ತಿದ್ದ. ಅವನು ನನ್ನ ಮಾತನ್ನು ಯಾವತ್ತೂ ಅನುಮಾನಿಸಿದವನಲ್ಲ.

"ಎದ್ದಿತು," ಎಂದೆ. "ಅವನ ಎದೆಮಟ್ಟಕ್ಕೆ."

ಅಣ್ಣ ತನ್ನ ತಟ್ಟೆಯ ಬಾತುಕೋಳಿಯ ಕಾಲನ್ನು ತೆಗೆದು ನನ್ನ ತಟ್ಟೆಗೆ ಹಾಕಿದ.

ಷಿಕಾಗೋದಿಂದ ಕಾಗದ ಬರಲಿಲ್ಲ. ನಾನು ಓಟ್ಸ್ ಮಿಲ್ಲು ಸೇರಿದೆ. ಆ ಕ್ರಿಸ್‌ಮಸ್ಸಿನವರೆಗೆ ಅಣ್ಣನ ಜೊತೆ ಸರಿಯಾಗಿ ಮಾತಾಡಲಿಲ್ಲ, ಅದೂ ನಿಜ. ಆದರೆ ಅಂದಿನಿಂದ ಊರಿನಲ್ಲಿ ಯಾರೇ ವಾದಕ್ಕೆ ನಿಂತರೂ, "ಸ್ವಂತ ತಮ್ಮನಿಗೇ ಬಿಟ್ಕೊಡ್ಲಿಲ್ಲ, ನಿಂಗೆ ಬಿಡ್ತಾನಾ?" ಎನ್ನುತ್ತಿದ್ದರು. ಆ ತಮ್ಮ ನಾನು ಎಂದು ಎದೆಯುಬ್ಬಿಸಿ ಮೂವತ್ತು ವರ್ಷ ಮಿಲ್ಲಿಗೆ ನಡೆದಿದ್ದೇನೆ.

ಶುಕ್ರವಾರ ಅವನ ಪೆಟ್ಟಿಗೆಗೆ ಹೆಗಲು ಕೊಟ್ಟ ಆರು ಮಂದಿಯೂ ಹಳೆಯ ಆಟಗಾರರು. ಅವನ ಪೆನ್ಸಿಲಿನಿಂದ ತಪ್ಪು ಬರೆಸಿಕೊಳ್ಳದವರು ಅವರಲ್ಲಿ ಒಬ್ಬರೂ ಇಲ್ಲ. ವಿನ್ಸ್ ಮೂಗೊರೆಸಿಕೊಂಡು, "ಒಂದೇ ವರ್ಷ ನನ್ ಹೆಸರಿಗೆ ಹತ್ತೊಂಬತ್ತು ಬರ್ದ, ಪುಣ್ಯಾತ್ಮ. ಹತ್ತೊಂಬತ್ತೂ ನಿಜ," ಎಂದ.

ಕರ್ತನೇ, ನಿನ್ನ ಸೇವಕ ಒಟೊಕರ್ ಹ್ರುಷ್ಕಾ ಕಂಡದ್ದನ್ನೇ ಹೇಳಿದವನು. ಅವನಲ್ಲಿ ಕುಂದಿದ್ದರೆ ಮನ್ನಿಸು. ದಣಿದ ಆ ದನಿಗೆ ನಿನ್ನ ಮನೆಯಲ್ಲಿ ವಿಶ್ರಾಂತಿ ಕೊಡು, ನಿನ್ನ ಬೆಳಕು ಅವನ ಮೇಲೆ ಆರದಿರಲಿ. ಆಮೆನ್.