ಟಣ್ ಅನ್ನದ ಲೋಟ

ಮೇಷ್ಟ್ರಿಗೆ ಕಾಯಂ ಕೆಲಸ ಇರಲಿಲ್ಲ. ಏಳು ವರ್ಷದಿಂದ ವಿಶ್ವವಿದ್ಯಾಲಯ ಅವರನ್ನು ಅತಿಥಿ ಉಪನ್ಯಾಸಕ ಎಂದೇ ಕರೆಯುತ್ತಿತ್ತು. ಏಳು ವರ್ಷ ಒಂದೇ ಕಡೆ ಠಿಕಾಣಿ ಹೂಡಿದವರನ್ನು ಅತಿಥಿ ಅನ್ನಲು ಬೇರೆ ಯಾರಿಗೂ ನಾಲಿಗೆ ಹೊರಳಲಿಕ್ಕಿಲ್ಲ.

ಅವರು ಕಲಿಸುತ್ತಿದ್ದದ್ದು ರಾಜಕೀಯ ಸಂವಹನ. ಮೂರನೇ ಮಹಡಿಯ ಕೊನೆಯ ಕೋಣೆ, ಕಾಲು ಅಲ್ಲಾಡುವ ಮೇಜು, ಹದಿನಾಲ್ಕು ವಿದ್ಯಾರ್ಥಿಗಳು. ಪ್ರತಿ ಗುರುವಾರ ಅಲ್ಲಿ ಪತ್ರಿಕಾಗೋಷ್ಠಿ. ಒಬ್ಬರು ಮಂತ್ರಿಯಾಗಿ ಮೇಜಿನ ಹಿಂದೆ ಕೂರಬೇಕು, ಉಳಿದವರು ಪತ್ರಕರ್ತರಾಗಿ ಮುಗಿಬೀಳಬೇಕು. ಮಂತ್ರಿ ಅಪ್ಪಿತಪ್ಪಿ ಹೌದು ಅಂತಲೋ ಇಲ್ಲ ಅಂತಲೋ ನೇರವಾಗಿ ಹೇಳಿದರೆ ಮೇಷ್ಟ್ರು ಪೆನ್ನಿನಿಂದ ಸ್ಟೀಲ್ ಲೋಟಕ್ಕೆ ಟಣ್ ಅಂತ ಬಾರಿಸುತ್ತಿದ್ದರು. ಒಂದು ಟಣ್‌ಗೆ ಒಂದು ಅಂಕ ಖೋತಾ. ಜೂನ್‌ನಲ್ಲಿ ಆ ಕೋಣೆ ಪಾತ್ರೆ ಅಂಗಡಿಯ ಹಾಗೆ ಸದ್ದು ಮಾಡುತ್ತಿತ್ತು. ಡಿಸೆಂಬರ್ ಹೊತ್ತಿಗೆ ಲೋಟ ಬಾಯಿ ಮುಚ್ಚಿಕೊಂಡಿತು. ಮಕ್ಕಳು ಅಡ್ಡಗೋಡೆ ಮೇಲೆ ದೀಪ ಇಡುವುದರಲ್ಲಿ ಪಳಗಿದ್ದರು. ಎಲ್ಲರಿಗಿಂತ ಮುಂದಿದ್ದ ಹುಡುಗಿಗೆ ವಕ್ತಾರೆ ಅಂತಲೇ ಹೆಸರು ಬಿದ್ದಿತ್ತು. ಊಟ ಆಯ್ತಾ ಅಂತ ಕೇಳಿದರೂ ಆಕೆ ಊಟದ ಮಹತ್ವದ ಬಗ್ಗೆ ಮಾತಾಡುತ್ತಿದ್ದಳು.

ಆಗ ವಿಶ್ವವಿದ್ಯಾಲಯ ಒಂದು ಪರಿಶೀಲನಾ ಸಮಿತಿ ನೇಮಿಸಿತು. ಈ ಪಾಠ ಬೇಕು ಅಂತ ವಿದ್ಯಾರ್ಥಿಗಳು ಹೇಳಿದರೆ ಕೋರ್ಸ್ ಉಳಿಯುತ್ತದೆ, ಮೇಷ್ಟ್ರು ಕಾಯಂ ಆಗುತ್ತಾರೆ. ಇಲ್ಲದಿದ್ದರೆ ಎರಡಕ್ಕೂ ಮಂಗಳ.

ಮೇಷ್ಟ್ರು ಇದ್ದದ್ದು ಅಕ್ಕನ ಮನೆಯಲ್ಲಿ. ಅಕ್ಕ ಹೊಲಿಗೆ ಮಷೀನು ನಿಲ್ಲಿಸದೆ ಕೇಳಿದಳು, ಕೆಲಸ ಉಳಿಯುತ್ತೇನೋ ಅಂತ. ಪರಿಸ್ಥಿತಿ ಆಶಾದಾಯಕವಾಗಿದೆ ಅಂದರು ಇವರು.

"ನಾನು ಕೇಳಿದ್ದು ಹವಾಮಾನ ಅಲ್ಲ," ಅಂದಳು ಅಕ್ಕ. "ನಾಳೆ ಆ ಮಕ್ಕಳಿಗೆ ಬಾಯಿಬಿಟ್ಟು ಹೇಳು. ನೀವು ಬೇಕು ಅಂದ್ರೆ ನನ್ನ ಕೆಲಸ ಉಳಿಯುತ್ತೆ, ಇಲ್ದಿದ್ರೆ ಇಲ್ಲ ಅಂತ. ಅಷ್ಟೇ ಕಣೋ."

ಮೇಷ್ಟ್ರು ಮರುದಿನ ತರಗತಿಯಲ್ಲಿ ಎರಡು ಸಲ ಗಂಟಲು ಸರಿಮಾಡಿಕೊಂಡರು. ಆಮೇಲೆ, ಗುರುವಾರ ಸಮಿತಿಯವರು ಬರುತ್ತಾರೆ, ನಾನು ಕಲಿಸಿದ ಹಾಗೆ ಮಾತಾಡಿ ಅಂದು ಹಾಜರಿ ಪುಸ್ತಕ ಮುಚ್ಚಿದರು.

ಸಮಿತಿಯ ಅಧ್ಯಕ್ಷರು ರಸಾಯನಶಾಸ್ತ್ರದ ನಿವೃತ್ತ ಪ್ರಾಧ್ಯಾಪಕರು. ನೀಲಿ ಲಿಟ್ಮಸ್ ಕಾಗದ ಕೆಂಪಾದರೆ ಆಮ್ಲ, ಆಗದಿದ್ದರೆ ಅಲ್ಲ ಅಂತ ಮೂವತ್ತು ವರ್ಷ ಕಲಿಸಿದವರು. ಮೇಷ್ಟ್ರು ಹಿಂದಿನ ಬೆಂಚಿನಲ್ಲಿ ಕೂತರು. ಕೇಳದೆ ಮಾತಾಡಬಾರದು ಅಂತ ಅವರಿಗೆ ಮೊದಲೇ ಹೇಳಲಾಗಿತ್ತು.

"ಈ ಪಾಠ ನಿಮಗೆ ಬೇಕಾ?" ಅಂತ ಕೇಳಿದರು ಅಧ್ಯಕ್ಷರು.

ವಕ್ತಾರೆ ಎದ್ದಳು. "ತುಂಬಾ ಒಳ್ಳೆ ಪ್ರಶ್ನೆ ಸರ್. ಬೇಕು ಬೇಡ ಅನ್ನೋದಕ್ಕಿಂತ ಮೊದಲು, ಯುವಜನರಿಗೆ ಏನು ಬೇಕು ಅಂತ ನಾವೆಲ್ಲ ಸೇರಿ ಯೋಚಿಸಬೇಕು."

ಮೇಷ್ಟ್ರಿಗೆ ರೋಮಾಂಚನವಾಯಿತು. ಇಷ್ಟು ನುಣುಪಾದ ಜಾರುವಿಕೆಯನ್ನು ಅವರು ಏಳು ವರ್ಷದಲ್ಲಿ ಕಂಡಿರಲಿಲ್ಲ. ಎರಡನೆಯವನು ಹಿಂದಿನ ಸಮಿತಿಗಳನ್ನು ಹೊಗಳಿದ. ಮೂರನೆಯವಳು ಕೇಳದ ಪ್ರಶ್ನೆಗೆ ಉತ್ತರ ಕೊಟ್ಟಳು. ಅಧ್ಯಕ್ಷರು ಅದೇ ಪ್ರಶ್ನೆಯನ್ನು ಸುತ್ತಿಬಳಸಿ ಹದಿನಾಲ್ಕು ಸಲ ಕೇಳಿದರು. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ಏಳನೆಯವನ ಹೊತ್ತಿಗೆ ಮೇಷ್ಟ್ರ ರೋಮಾಂಚನ ಇಳಿದಿತ್ತು. ಹತ್ತನೆಯವನ ಹೊತ್ತಿಗೆ ಅವರು, ಯಾರಾದರೂ ಒಬ್ಬರು ಒಂದು ಅಂಕ ಕಳೆದುಕೊಳ್ಳಲಿ ದೇವರೇ ಅಂತ ಬೇಡುತ್ತಿದ್ದರು. ಲೋಟ ಮೇಜಿನ ಮೇಲೆ ಬೋರಲು ಬಿದ್ದಿತ್ತು.

ಕೊನೆಗೆ ಅಧ್ಯಕ್ಷರು ಹಿಂದಿನ ಬೆಂಚಿನ ಕಡೆ ತಿರುಗಿದರು. ಅವರ ಮುಖದಲ್ಲಿ ಕನಿಕರವಿತ್ತು.

"ನೀವಾದ್ರೂ ಹೇಳಿ ಮೇಷ್ಟ್ರೇ. ಈ ಕೆಲಸ ನಿಮಗೆ ಬೇಕಾ?"

ಒಂದೇ ಒಂದು ಮಾತು ಸಾಕಿತ್ತು. ಅದು ನಾಲಿಗೆ ತುದಿಯವರೆಗೆ ಬಂದಿತ್ತು ಕೂಡ. ಹದಿನಾಲ್ಕು ಮಂದಿ ಗುರುವಿನತ್ತ ತಿರುಗಿ, ಕೈಯಲ್ಲಿ ಪೆನ್ನು ಹಿಡಿದು ಕಾಯುತ್ತಿದ್ದರು.

"ನನ್ನ ವಿಷಯ ಇಲ್ಲಿ ಮುಖ್ಯ ಅಲ್ಲ ಸರ್," ಅಂದರು ಮೇಷ್ಟ್ರು. "ವಿದ್ಯಾರ್ಥಿಗಳ ಹಿತ ಮುಖ್ಯ."

ಯಾರೋ ಮೆಲ್ಲಗೆ ಚಪ್ಪಾಳೆ ತಟ್ಟಿದರು.

ಪಾಠ ಬೇಕೆಂದು ಯಾರೂ ತಿಳಿಸಿರುವುದಿಲ್ಲ ಎಂದು ವರದಿಯಲ್ಲಿ ಒಂದೇ ಸಾಲು ಬಂತು. ಅದನ್ನು ನೋಟೀಸ್ ಬೋರ್ಡಿಗೆ ಅಂಟಿಸಿದ ದಿನ ವಕ್ತಾರೆ ಬಂದು, ಅವತ್ತು ನಮಗೆಷ್ಟು ಅಂಕ ಸರ್ ಅಂತ ಕೇಳಿದಳು. ಎಲ್ಲರಿಗೂ ಹತ್ತಕ್ಕೆ ಹತ್ತು ಅಂದರು ಮೇಷ್ಟ್ರು. ಏಳು ವರ್ಷದಲ್ಲಿ ಅವರು ಕೊಟ್ಟ ಮೊದಲ ನೇರ ಉತ್ತರ ಅದು.

ಹೋದದ್ದು ಒಂದು ಕೋರ್ಸ್, ಒಂದು ಕೆಲಸ, ಏಳು ವರ್ಷ. ಅಂಕ ಒಂದೂ ಹೋಗಲಿಲ್ಲ.