ಬನ್ನಿಗಿಡದ ವಸ್ತಿಯ ದಾರಿ

ವಸ್ತಿಗೆ ಬರುವುದನ್ನು ಮೊದಲು ನಿಲ್ಲಿಸಿದ್ದು ಗ್ಯಾಸಿನ ಗಾಡಿ. ಆಮೇಲೆ ಹಾಲಿನ ಟೆಂಪೋ. ಸಾವಿತ್ರವ್ವ ತುಂಬಿದ ಸಿಲಿಂಡರನ್ನು ಸಿಂಬಿಯ ಮೇಲಿಟ್ಟು ಹೈವೇಯಿಂದ ಮನೆಯ ತನಕ ಹೊತ್ತು ತಂದಾಗ ಕುತ್ತಿಗೆ ಹೊಟ್ಟೆಯೊಳಗೆ ಇಳಿದಂತಾಗಿತ್ತು. ಗಾಡಿಯವನಿಗೆ ಫೋನು ಮಾಡಿದರೆ ಅವನದು ಒಂದೇ ಮಾತು.

"ಯವ್ವಾ, ಮ್ಯಾಪಿನ್ಯಾಗ ನಿಮ್ಮ ವಸ್ತಿಗೆ ದಾರೀನ ಇಲ್ಲ."

"ಹಂಗಾರ ಇಲ್ಲದ ದಾರ್ಯಾಗ ನಾ ಹೆಂಗ ನಡದ ಬಂದೆ?" ಎಂದು ಬೈದು ಅವಳು ಫೋನು ಇಟ್ಟಳು.

ಬನ್ನಿಗಿಡದ ವಸ್ತಿ ಅಂದರೆ ಹಿಡಕಲ್ ಡ್ಯಾಮಿನ ಹಿನ್ನೀರಿನ ಬಾಜೂ ದಿಬ್ಬದ ಮೇಲೆ ಕುರುಬರ ಒಂದಿಷ್ಟು ಮನೆ. ಅಲ್ಲಿಗೆ ಹೋಗುವ ಬಂಡಿದಾರಿ ಕಾಶಿನಾಥ ಸಾವಕಾರನ ಕಬ್ಬಿನ ನಡುವೆ ಹಾಯುತ್ತದೆ. ಸಾವಕಾರನ ಅಜ್ಜ ಹುಟ್ಟುವ ಮೊದಲೇ ಕುರಿಗಳು ಆ ದಾರಿ ತುಳಿದಿದ್ದವು. ಅಂಥ ದಾರಿ ಹಗಲಲ್ಲೇ ಮಾಯವಾದ ಬಗೆ ಕೇಳಿ.

ಹಿನ್ನೀರು ನೋಡಲು ದೂರದ ಕಾರುಗಳು ಆ ದಾರಿ ಹಿಡಿದವು. ಫೋನು ತೋರಿಸಿದ ಕಡೆ ಕಣ್ಣು ಮುಚ್ಚಿ ನುಗ್ಗುವ ಜನ. ಒಂದು ಭಾನುವಾರ ಅಂಥದೊಂದು ಕಾರು ಸಾವಿತ್ರವ್ವನ ಗಂಡ ಬೀರಸಿದ್ದಪ್ಪನ ಹಿಂಡಿನೊಳಗೆ ನುಗ್ಗಿ, ಎಳೆಮರಿಗಳನ್ನು ಅರೆದುಹಾಕಿ, ನಿಲ್ಲದೆ ಹೋಯಿತು. ಅವತ್ತು ಬೀರಸಿದ್ದಪ್ಪ ರೊಟ್ಟಿ ಮುಟ್ಟಲಿಲ್ಲ. ಸತ್ತ ಮರಿಗಳ ತಾಯಿಕುರಿಗಳು ಸಂಜೆಯ ತನಕ ಅರಚುತ್ತಿದ್ದವು.

ಮರುದಿನ ಸಾವಕಾರ ತಾನಾಗಿ ವಸ್ತಿಗೆ ಬಂದ. ಎಂದೂ ಬಾರದವನು ಬಂದು ಕಂಬಳಿಯ ಮೇಲೆ ಕೂತ, ಚಹಾ ಕುಡಿದ, ಮರಿಗಳಿಗಾಗಿ ಲೊಚಗುಟ್ಟಿದ.

"ನಿಮ್ಮ ಕುರಿ ಸಲುವಾಗಿ ನಾ ಒಂದು ಗೇಟ ಹಚ್ಚತೇನಿ. ಮೊಬೈಲ್ ಇದ್ದಾವ್ರೆಲ್ಲ ತಗೀರಿ. ಮ್ಯಾಪಿನ್ಯಾಗ 'ರಸ್ತೆ ಬಂದ್' ಅಂತ ಐತಿ ನೋಡ್ರಿ, ಅದನ್ನ ಒತ್ರಿ. ಒಂದು ಕಾರೂ ಈ ಕಡೆ ಹಾಯೂದಿಲ್ಲ."

ಸಾವಿತ್ರವ್ವ ಚಹಾದ ಬಟ್ಟಲು ಎತ್ತಿಕೊಳ್ಳುತ್ತ ಕೇಳಿದಳು. "ಸಾವಕಾರ್ರ, ಆಮ್ಯಾಲ ನಮಗೂ ದಾರಿ ಬಂದ್ ಆಗೂದಿಲ್ಲೇನ್ರಿ?"

"ನಿಮಗ್ಯಾಕ ಬಂದ್ ಆಗತೈತಿ? ನೀವೇನ ಮ್ಯಾಪ್ ನೋಡಿ ಮನಿಗೆ ಬರ್ತೀರೇನ?"

ಎಲ್ಲರೂ ನಕ್ಕರು. ಅವಳೂ ನಕ್ಕಳು. ಕುರಿ ಬದುಕಿದರೆ ಸಾಕು ಅನ್ನುವ ಜನ, ಸಾಲಾಗಿ ಒತ್ತಿದರು. ಅವಳ ಮಗ ಯಲ್ಲೇಶ ತನ್ನದನ್ನೂ ಒತ್ತಿ, ಗೊತ್ತಾಗದವರದನ್ನು ಇಸಕೊಂಡೂ ಒತ್ತಿದ.

ಗೇಟು ಬಂತು. ಮೊದಲು ಬರೀ ಚಿಲಕ. ಆಮೇಲೆ ಕೀಲಿ. ಆಮೇಲೆ ಕಾವಲಿಗೆ ಶೆಟ್ಟೆಪ್ಪ ಬಂದ. ಅಷ್ಟರೊಳಗೆ ಗೇಟಿನ ಹಿಂದೆ ಸಾವಕಾರನ ರೆಸಾರ್ಟಿನ ಗೋಡೆಗಳು ಎದ್ದಿದ್ದವು. ಮನುಷ್ಯರು ಹೋಗಲು ಪಕ್ಕದಲ್ಲೊಂದು ಗಿಡ್ಡ ಬಾಗಿಲು, ಅದೂ ಬಗ್ಗಿ ಹೋಗಬೇಕು. ರೆಸಾರ್ಟಿನ ಹೆಸರು ಒತ್ತಿದವರನ್ನು ಮ್ಯಾಪು ನೆಟ್ಟಗೆ ಗೇಟಿನ ತನಕ ತಂದು ಬಿಡುತ್ತಿತ್ತು. ಅದರಾಚೆ ಅದಕ್ಕೆ ಊರೇ ಕಾಣುತ್ತಿರಲಿಲ್ಲ.

ಯಲ್ಲೇಶ 'ರಸ್ತೆ ಚಾಲೂ' ಎಂದು ಒತ್ತಿ ನೋಡಿದ. ಸಾವಕಾರನ ಕಡೆಯವರು ಮುಚ್ಚಿದ ಗೇಟಿನ ಫೋಟೋ ಹಾಕಿದರು. ಫೋಟೋನೇ ಗೆದ್ದಿತು. ಊರಿನ ಜಮೀನಿನ ಲೆಕ್ಕ ಇಡುವ ತಲಾಠಿಯ ಹತ್ತಿರ ಹೋದರೆ ಅವನೂ ತನ್ನ ಫೋನು ತೆಗೆದು ನೋಡಿದ.

"ದಾರಿ ಎಲ್ಲೈತೋ ತಮ್ಮಾ? ಬಂದ್ ಅಂತ ನೀವ ಒತ್ತೀರಂತಲ್ಲ. ಈಗ ಅಳಾಕ ಬಂದ್ರ?"

ಆಗ ಯಲ್ಲೇಶನ ಹೆಂಡತಿ ಕಸ್ತೂರಿಗೆ ದಿನ ತುಂಬಿದ್ದವು. ಸಾವಿತ್ರವ್ವನಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ದಿನಾಲೂ ಗೇಟಿನ ತನಕ ಹೋಗಿ, ಕೀಲಿ ನೋಡಿ, ಮರಳಿ ಬರುತ್ತಿದ್ದಳು.

ನೋವು ಬೆಳಿಗ್ಗೆ ಶುರುವಾಯಿತು. ಆಂಬುಲೆನ್ಸಿಗೆ ಫೋನು ಹೋಯಿತು. ಹೊತ್ತೇರಿದರೂ ಗಾಡಿಯ ಸದ್ದಿಲ್ಲ. ಕೊನೆಗೆ ಡ್ರೈವರ್ ಸೋಮಶೇಖರನೇ ಫೋನು ಮಾಡಿದ.

"ನಾ ಕಾಲುವಿ ದಂಡ್ಯಾಗ ನಿಂತೇನ್ರಿ. ಮ್ಯಾಪ್ ಇಲ್ಲಿಗೆ ತಂದು ಬಿಟ್ಟೈತಿ. ಮುಂದ ಬರೀ ನೀರು."

"ಗೇಟಿನ ಕಡೆ ಬರ್ರಿ ಅಣ್ಣಾ, ರೆಸಾರ್ಟಿನ ಗೇಟು" ಎಂದು ಯಲ್ಲೇಶ ಅಂಗಲಾಚಿದ.

"ಗಾಡಿ ಹೊಳ್ಳಸಾಕ ಜಾಗಾ ಇಲ್ಲೋ ತಮ್ಮಾ. ಹಿಂದಕ್ಕ ಹಿಂದಕ್ಕ ಹೋಗಬೇಕು."

ಕಸ್ತೂರಿಯನ್ನು ಕಂಬಳಿಯಲ್ಲಿ ಮಲಗಿಸಿ, ನಾಲ್ಕು ಮೂಲೆಗೆ ನಾಲ್ವರು ಹಿಡಿದು ಗೇಟಿನ ತನಕ ಹೊತ್ತು ತಂದರು. ಗೇಟಿಗೆ ಕೀಲಿ.

"ಕೀಲಿಕೈ ನನ್ನ ಕಡೆ ಇಲ್ಲ ಯವ್ವಾ" ಎಂದ ಶೆಟ್ಟೆಪ್ಪ. "ಇವತ್ತ ಅತಿಥಿಗಳಿಲ್ಲಂತ ಕೀಲಿಕೈ ತಗೊಂಡ ಸಾವಕಾರ್ರು ಗೋಕಾಕಕ್ಕ ಹೋಗ್ಯಾರ. ಫೋನ್ ಎತ್ತವಲ್ರು."

ಒಳಗೆ ರೆಸಾರ್ಟಿನ ಜೀಪು ನೆರಳಲ್ಲಿ ನಿಂತಿತ್ತು. ಕಸ್ತೂರಿ ಅತ್ತೆಯ ಕೈ ಕಚ್ಚಿ ಹಿಡಿದಿದ್ದಳು. ಆಮೇಲೆ ಕಚ್ಚುವುದನ್ನೂ ಬಿಟ್ಟಳು.

ಆಂಬುಲೆನ್ಸು ಗೇಟಿನಾಚೆ ಬಂದು ನಿಂತಾಗ ಬಿಸಿಲು ನೆತ್ತಿಗೆ ಬಂದಿತ್ತು. ಗಿಡ್ಡ ಬಾಗಿಲಲ್ಲಿ ಕಂಬಳಿ ಹಿಡಿಸಲಿಲ್ಲ. ತುಂಬುಬಸುರಿಯನ್ನು ಅಡ್ಡ ಹೊರಳಿಸಿ, ಗೋಣಿಚೀಲ ದಾಟಿಸಿದ ಹಾಗೆ ದಾಟಿಸಿದರು. ಥೂ, ಇದೂ ಒಂದು ದಾರಿಯೇನು.

ಹುಕ್ಕೇರಿ ಆಸ್ಪತ್ರೆಯಲ್ಲಿ ಕಸ್ತೂರಿ ಬದುಕಿ ಉಳಿದಳು. ಗಂಡುಕೂಸು ಉಳಿಯಲಿಲ್ಲ. "ಸ್ವಲ್ಪ ಲಗೂನ ತರಬೇಕಾಗಿತ್ತು" ಎಂದಳು ಡಾಕ್ಟರಮ್ಮ.

ಮರುದಿನ ಕೂಸನ್ನು ಸೆರಗಿನಲ್ಲಿ ಸುತ್ತಿಕೊಂಡು ಸಾವಿತ್ರವ್ವ ಗೇಟಿನ ಮುಂದೆ ಇಳಿದಳು. ವಸ್ತಿಯ ಜನ ಕಾಯುತ್ತಿದ್ದರು. ಅವಳು ಮುಂದೆ ಹೋಗಲಿಲ್ಲ.

"ಇಲ್ಲೇ ತೋಡ್ರಿ."

ಬೀರಸಿದ್ದಪ್ಪ ಹೆಂಡತಿಯ ಮುಖ ನೋಡಿದ. "ದಾರ್ಯಾಗೇನ?"

"ದಾರಿ ಇಲ್ಲಂತ ಎಲ್ಲಾರೂ ಹೇಳ್ಯಾರಲ್ಲ. ಸಾವಕಾರ ಹೇಳ್ಯಾನ, ತಲಾಠಿ ಹೇಳ್ಯಾನ, ಮೊಬೈಲ್ ಹೇಳೈತಿ. ದಾರಿ ಅಲ್ಲಂದ ಮ್ಯಾಲ ಇದು ಬರೀ ನೆಲ. ತೋಡು."

ಗಾಲಿ ಹಾಯುವ ನಟ್ಟನಡುವೆ ಯಲ್ಲೇಶ ಗುದ್ದಲಿ ಹಾಕಿದ. ಶೆಟ್ಟೆಪ್ಪ ಒಳಗಿನಿಂದ ಫೋನು ಮಾಡಿದ. ಈ ಸಲ ಸಾವಕಾರ ಮೊದಲ ರಿಂಗಿಗೇ ಎತ್ತಿದ.

ಕಾರು ಧೂಳೆಬ್ಬಿಸಿಕೊಂಡು ಬಂತು. ಅದರ ಬೆನ್ನಿಗೆ ಅತಿಥಿಗಳ ಕಾರುಗಳು ಸಾಲುಗಟ್ಟಿದವು.

"ಏನ ನಡಸೀರಿ ಇಲ್ಲಿ?"

"ಕೂಸಿನ್ನ ಮಣ್ಣಿಗೆ ಇಡಾಕತ್ತೇವ್ರಿ" ಎಂದಳು ಸಾವಿತ್ರವ್ವ.

"ಇಲ್ಲೇನ? ನಿಮ್ಮ ತೆಲಿ ನೆಟ್ಟಗೈತೋ ಇಲ್ಲೋ? ಇದು ದಾರಿ ಐತಿ. ಗಾಡಿ ಹಾಯೂ ದಾರಿ."

ಗುದ್ದಲಿ ನಿಂತಿತು. ವಸ್ತಿಯವರೆಲ್ಲ ತಲೆಯೆತ್ತಿ ಅವನನ್ನೇ ನೋಡಿದರು. ಕಾರಿನಲ್ಲಿದ್ದವರೂ ಕಿಟಕಿ ಇಳಿಸಿದರು. ಸಾವಕಾರನಿಗೆ ತಾನು ಆಡಿದ್ದು ತಡವಾಗಿ ಕಿವಿಗೆ ಬಿತ್ತು.

"ಹೌದ್ರಿ, ದಾರೀನ ಐತಿ" ಎಂದಳು ಸಾವಿತ್ರವ್ವ. "ಈ ಮಾತು ಮುಂಚೇನ ಅಂದಿದ್ರ ನನ್ನ ಮೊಮ್ಮಗ ಈಗ ಅಳತಿದ್ದ."

ಯಲ್ಲೇಶ ಗುದ್ದಲಿ ಎತ್ತಿಕೊಂಡು ಗೇಟಿನ ಕಂಬದ ಕಡೆ ನಡೆದ. ಬುಡಕ್ಕೆ ಮೊದಲ ಏಟು ಬಿತ್ತು. ಉಳಿದವರೂ ಹೋಗಿ ಕೈಹಚ್ಚಿದರು. ಸಾವಕಾರ ಪೊಲೀಸರ ಹೆಸರು ಹೇಳಿ ಒದರುತ್ತಿದ್ದ. ಕೂಸನ್ನು ಸೆರಗಿನಲ್ಲಿ ಹಿಡಿದುಕೊಂಡೇ ಸಾವಿತ್ರವ್ವ ಅವನ ಕಾರಿನ ಮುಂದೆ ಕೂತಳು.