ಇಳಿಜಾರಿನಲ್ಲಿ ಕೀಲಿ ತಿರುಗಿಸಿದವನು

ಬೀಗ ರಿಪೇರಿಯವನ ಹಳೇ ಬೈಕಿನ ಬ್ರೇಕನ್ನು ನಾಲ್ಕೂ ಬೆರಳು ಸೇರಿಸಿ ಹಿಂಡಬೇಕಿತ್ತು, ಒದ್ದೆ ಬಟ್ಟೆ ಹಿಂಡಿದ ಹಾಗೆ. ಅದು ಕೈಕೊಟ್ಟ ಮೇಲೆ, ಮೆಕ್ಯಾನಿಕ್ ಆಗಿದ್ದ ಅವನ ಭಾಮೈದ ಸೆಕೆಂಡ್ ಹ್ಯಾಂಡಿನ ದೊಡ್ಡ ಬೈಕೊಂದನ್ನು ಕೊಡಿಸಿದ.

"ಭಾವ, ಇದನ್ನ ಹಿಂಡಬೇಡಿ, ಮುಟ್ಟಿದ್ರೆ ಸಾಕು. ಒಳಗೊಂದು ಪುಟ್ಟ ಮೋಟಾರಿದೆ, ನಿಮ್ಮ ಬದಲು ಅದೇ ಒತ್ತುತ್ತೆ. ಆದ್ರೆ ಕೀಲಿ ಆಫ್ ಮಾಡಿದ್ರೆ ಅದೂ ಮಲಗುತ್ತೆ, ಚಕ್ರ ಜಾರದ ಹಾಗೆ ನೋಡ್ಕೊಳ್ಳೋ ಎಬಿಎಸ್ಸೂ ಮಲಗುತ್ತೆ. ನೆನಪಿರಲಿ."

ಮೊದಲ ಅರ್ಧ ಅವನ ತಲೆಗೆ ಹೋಯಿತು. ಉಳಿದರ್ಧ ಗಾಳಿಗೆ ಹೋಯಿತು.

ಅವನ ಹೆಂಡತಿ ಮಕ್ಕಳ ಆಸ್ಪತ್ರೆಯಲ್ಲಿ ಆಯಾ. ಬೆಳಿಗ್ಗೆ ಅವಳನ್ನು ಬಿಟ್ಟು ಅವನು ಅಂಗಡಿಗೆ ಹೋಗುವುದು, ಸಂಜೆ ಕರೆತರುವುದು. ಮನೆಯಲ್ಲಿ ಇಬ್ಬರೂ ಮೂಗರೇ. ಬೈಕ್ ಹತ್ತಿದರೆ ಮಾತ್ರ ಅವಳ ಬಾಯಿ ಬಿಚ್ಚುತ್ತಿತ್ತು. ಯಾವ ಮಗು ಔಷಧಿ ಉಗಿಯಿತು, ಯಾವ ನರ್ಸಮ್ಮ ಯಾರ ಮೇಲೆ ಹರಿಹಾಯ್ದಳು, ಎಲ್ಲವನ್ನೂ ಅವನ ಭುಜ ಹಿಡಿದು ಹೇಳುವಳು, ಅವನು ಹೂಂಗುಟ್ಟುವನು. ಅವರ ಸಂಸಾರ ಮಾತಾಡಿಕೊಂಡದ್ದೆಲ್ಲ ಆ ಸೀಟಿನ ಮೇಲೆಯೇ.

ಹೊಸ ಬ್ರೇಕಿನ ಮೊದಲ ವಾರ ಪ್ರತಿ ಸಿಗ್ನಲ್ಲಿನಲ್ಲೂ ಅವಳ ಹೆಲ್ಮೆಟ್ಟು ಅವನ ಹೆಲ್ಮೆಟ್ಟಿಗೆ ಠಣ್ ಎನ್ನುತ್ತಿತ್ತು. "ಮದುವೆಯಾದಾಗಿನಿಂದ ಇಷ್ಟು ಸಲ ತಲೆ ತಾಗಿಸಿದೋರಲ್ಲ ನೀವು" ಎಂದು ಅವಳು ನಕ್ಕಳು. ಒಮ್ಮೆ ಮರಳಿನ ಮೇಲೆ ಬ್ರೇಕು ಒತ್ತಿದಾಗ ಅದರ ಹಿಡಿ ಬೆರಳಡಿ ಗಡಗಡ ನಡುಗಿತು. ಏನೋ ಮುರಿಯಿತೆಂದು ಕೈಬಿಟ್ಟವನು, ಅದು ಎಬಿಎಸ್ಸಿನ ಕೆಲಸ, ಬಿಡದೆ ಹಿಡಿದಿರಬೇಕು ಎಂದು ಭಾಮೈದನಿಂದ ಬೈಸಿಕೊಂಡು ಕಲಿತ. ಆಮೇಲಾಮೇಲೆ ಬೆಣ್ಣೆಯಲ್ಲಿ ಕೂದಲು ತೆಗೆದಂತೆ ಎರಡೇ ಬೆರಳಲ್ಲಿ ನಿಲ್ಲಿಸತೊಡಗಿದ. ಜಂಬವೂ ಬಂತು.

ಬೆರಳು ಹೊಸ ಪಾಠ ಕಲಿತವು, ಬುದ್ಧಿ ಹಳೆಯದೇ ಉಳಿಯಿತು. ನೀರಿನ ಟ್ಯಾಂಕಿನಿಂದ ಅವರ ಬೀದಿಯವರೆಗೆ ಉದ್ದನೆಯ ಇಳಿಜಾರು. ಹಳೇ ಬೈಕಿನಲ್ಲಿ ಅವನು ಪೆಟ್ರೋಲ್ ಉಳಿಸಲು ಅಲ್ಲಿ ಕೀಲಿ ಆಫ್ ಮಾಡಿ ಸುಮ್ಮನೆ ಜಾರಿ ಬರುತ್ತಿದ್ದ. ಒಂದು ಸಂಜೆ, ಹೆಂಡತಿ ಯಾವುದೋ ಹಟಮಾರಿ ಮಗುವಿನ ಕಥೆ ಹೇಳುತ್ತಿದ್ದಾಗ, ಹೊಸ ಬೈಕಿನಲ್ಲೂ ಅವನ ಕೈ ತಾನಾಗಿ ಕೀಲಿ ತಿರುಗಿಸಿತು.

ಗೋದಾಮಿನ ಗೇಟಿನಿಂದ ಲಾರಿಯೊಂದು ಹಿಂದಕ್ಕೆ ಬಂತು. ಅವನು ಎರಡು ಬೆರಳಲ್ಲಿ ಮೆಲ್ಲಗೆ ಒತ್ತಿದ. ಮರದ ಕೊರಡು ಒತ್ತಿದಂತಾಯಿತು. ನಾಲ್ಕೂ ಬೆರಳು ನೆನಪಿಗೆ ಬರುವಷ್ಟರಲ್ಲಿ ಗೇಟಿನ ಕಂಬ ಎದುರಿಗಿತ್ತು. ಅವನಿಗೆ ತರಚು ಗಾಯ. ಅವಳ ಬಲಗೈಗೆ ರಾಡ್ ಹಾಕಿದರು.

ಆಸ್ಪತ್ರೆಗೆ ಬಂದ ಭಾಮೈದ, ಬೈಕಿನ ಕೀಲಿ ಆಫ್ ಆಗಿತ್ತಲ್ಲ ಎಂದು ರಾಗ ಎಳೆದ. ಇವನು ನೆಲ ನೋಡಿದ. ಮಂಚದ ಮೇಲಿಂದ ಅವಳೇ ಹೇಳಿದಳು: "ಬಿದ್ದ ಮೇಲೆ ನಾನೇ ಆಫ್ ಮಾಡಿಸಿದೆ ಕಣೋ. ಲಾರಿ ಅಡ್ಡ ಬಂತು. ನಿಮ್ಮ ಭಾವನ ತಪ್ಪಿಲ್ಲ."

ಅವಳು ಬೈದಿದ್ದರೆ ಅವನು ಉಂಡು ಮಲಗುತ್ತಿದ್ದ.

ಕೈ ಕೂಡಿಕೊಂಡ ಮೇಲೂ ಅವಳು ಬಸ್ಸಿನಲ್ಲೇ ಓಡಾಡಿದಳು. ಕೊನೆಗೊಂದು ಸಂಜೆ ಅವನು ಆಸ್ಪತ್ರೆಯ ಗೇಟಿನಲ್ಲಿ ಕಾದು ನಿಂತು, ಹತ್ತು ಎಂದ. ಅವಳು ಹತ್ತಿದಳು. ದಾರಿಯುದ್ದಕ್ಕೂ ಸೀಟಿನ ಹಿಂದಿನ ಕಂಬಿ ಹಿಡಿದಿದ್ದಳು, ಮಾತಿಲ್ಲ. ಟ್ಯಾಂಕಿನ ಹತ್ತಿರ, ನಿಲ್ಲಿಸಿ ಎಂದು ಕೆಳಗಿಳಿದಳು.

"ಕೀಲಿ ಆಫ್ ಮಾಡಲ್ಲ. ಇನ್ಮೇಲೆ ಯಾವತ್ತೂ ಮಾಡಲ್ಲ" ಎಂದ.

"ಗೊತ್ತು ರೀ. ನನಗೆ ನಿಮ್ಮ ಮೇಲೆ ಸಿಟ್ಟಿಲ್ಲ. ಹೊಟ್ಟೆಯೊಳಗೆ ಭಯ ಕೂತಿದೆ, ಅದು ನನ್ನ ಮಾತು ಕೇಳಲ್ಲ. ನೀವು ಹೋಗಿರಿ, ನಾನು ನಡ್ಕೊಂಡು ಬರ್ತೀನಿ."

ಇಂಜಿನ್ ಚಾಲೂ ಇಟ್ಟುಕೊಂಡೇ ಅವನು ಇಳಿಜಾರು ಇಳಿದ. ಕೆಳಗೆ ಬ್ರೇಕು ಮುಟ್ಟಿದ. ಬೈಕು ಕುಲುಕದೆ ನಿಂತಿತು. ತಿರುಗಿ ನೋಡಿದರೆ ಅವಳು ಗೋಡೆ ಪಕ್ಕದಲ್ಲೇ ಹುಷಾರಾಗಿ ಹೆಜ್ಜೆಯಿಡುತ್ತ ಬರುತ್ತಿದ್ದಳು. ಅವನು ಬೈಕಿಗೆ ಸ್ಟ್ಯಾಂಡ್ ಹಾಕಿ, ಅವಳ ಚೀಲವನ್ನಾದರೂ ಇಸಿದುಕೊಳ್ಳೋಣವೆಂದು ದಿಬ್ಬ ಹತ್ತತೊಡಗಿದ.